ಬಳ್ಳಾರಿ ಎಂದು ಹೇಳಲು ನಾಚಿಕೆ ಏಕೆ?

ಹೋದ ತಿಂಗಳು ಯೂನಿಫಾರ್ಮ್ ಇಲ್ಲದ ದಿನ ಗೆಳೆಯನೊಬ್ಬ ನನ್ನ ಜೀನ್ಸ್ ನೋಡಿ, "ಯಾವ ಬ್ರ್ಯಾಂಡ್ ಮಗಾ?" ಎಂದು ಕೇಳಿದ. ಜಯನಗರ ನಾಲ್ಕನೇ ಬ್ಲಾಕಿನ ಶೋರೂಮಿನದು ಎಂದುಬಿಟ್ಟೆ. ಅದು ಸುಳ್ಳು. ಆ ಪ್ಯಾಂಟು ಬಳ್ಳಾರಿಯ ಕೌಲ್‌ಬಜಾರಿನಲ್ಲಿ ನನ್ನ ಖಾಲಾ ಮನೆಯಲ್ಲಿ ಹೊಲಿದದ್ದು. ಅಕೌಂಟೆನ್ಸಿಯಲ್ಲಿ ತಪ್ಪಾಗಿ ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುಪಡಿ ನಮೂದು ಬರೆಯಬೇಕು ಎಂದು ನಮಗೆ ಕಲಿಸಿದ್ದಾರೆ. ಈ ಲೇಖನ ನನ್ನ ತಿದ್ದುಪಡಿ ನಮೂದು.

ಆ ಸುಳ್ಳು ಮನಸ್ಸನ್ನು ಕೊರೆಯುತ್ತಿತ್ತು. ಬಟ್ಟೆಗೆ ಹೆಸರು ಎಲ್ಲಿಂದ ಬರುತ್ತದೆ ಎಂದು ಹುಡುಕಿ ಓದಿದೆ. 'ಡೆನಿಮ್' ಎಂಬ ಮಾತು 'ದ ನೀಮ್', ಅಂದರೆ 'ನೀಮ್ ಊರಿನ' ಎಂಬುದರಿಂದ ಬಂತು ಎಂದು ಹೆಚ್ಚಿನವರು ಹೇಳುತ್ತಾರೆ. ನಮ್ಮ ಉರ್ದುವಿನಲ್ಲಿ ನೀಮ್ ಎಂದರೆ ಬೇವು. ಈ ನೀಮ್ ಮಾತ್ರ ದಕ್ಷಿಣ ಫ್ರಾನ್ಸಿನ ಒಂದು ಊರು. ಎರಡು ಸಾವಿರ ವರ್ಷಗಳ ಹಿಂದೆ ಅದು ರೋಮನ್ನರ ನಗರವಾಗಿತ್ತು. ಅವರು ಕಟ್ಟಿದ ದುಂಡನೆಯ ಬಯಲು ರಂಗಮಂದಿರದಲ್ಲಿ ಈಗಲೂ ಕಾರ್ಯಕ್ರಮಗಳು ನಡೆಯುತ್ತವೆ. ಸುಮಾರು 50 ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿ ಊರಿಗೆ ನೀರು ತಂದಿದ್ದರು. ಚಕ್ರವರ್ತಿ ಅಗಸ್ಟಸನ ಕಾಲದಲ್ಲಿ ಅಲ್ಲಿ ಟಂಕಿಸಿದ ನಾಣ್ಯದ ಮೇಲೆ ತಾಳೆಮರಕ್ಕೆ ಸರಪಳಿ ಹಾಕಿ ಕಟ್ಟಿದ ಮೊಸಳೆ ಇದೆ. ಅದು ಈಜಿಪ್ಟ್ ಗೆದ್ದ ಗುರುತು. ಆ ಮೊಸಳೆ ಇಂದಿಗೂ ಊರಿನ ಲಾಂಛನ. ಎಷ್ಟೋ ಶತಮಾನಗಳ ನಂತರ ಅಲ್ಲಿನ ನೇಕಾರರ ಗಟ್ಟಿ ಬಟ್ಟೆಗೆ ಊರಿನ ಹೆಸರೇ ನಿಂತಿತು. 'ಜೀನ್ಸ್' ಕೂಡ ಊರಿನ ಹೆಸರೇ, ಇಟಲಿಯ ಜಿನೋವಾದಿಂದ ಬಂದದ್ದು. 'ಡಂಗರೀಸ್' ಹುಟ್ಟಿದ್ದು ಮುಂಬೈಯ ಡೋಂಗ್ರಿಯಿಂದ.

ಬಣ್ಣದ ಕಥೆ ಇನ್ನೂ ಹತ್ತಿರದ್ದು. ನಾವು ಮನೆಯಲ್ಲಿ 'ನೀಲ್' ಎನ್ನುವುದನ್ನು ರೋಮನ್ನರು 'ಇಂಡಿಕಂ', ಅಂದರೆ ಭಾರತದ್ದು ಎಂದು ಕರೆದರು. ಇಂಡಿಗೋ ಎಂಬ ಹೆಸರು ಬಂದದ್ದು ಅಲ್ಲಿಂದ. ರೋಮನ್ನರ ಹಣ ನಮ್ಮೂರಿಗೂ ತಲುಪಿತ್ತು. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ ಬೆಳ್ಳಿ ನಾಣ್ಯಗಳಲ್ಲಿ ಅದೇ ಅಗಸ್ಟಸನ ನಾಣ್ಯಗಳೂ ಇದ್ದವು. ಆಗ ಸರಕಿನ ಜೊತೆ ನಮ್ಮ ದೇಶದ ಹೆಸರೂ ಹೋಗುತ್ತಿತ್ತು.

ಈಗ ಬಳ್ಳಾರಿಗೆ ಬನ್ನಿ. ಅಲ್ಲಿ ಬ್ರಿಟಿಷರ ದಂಡು ಇತ್ತು. ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದ ಕಸುಬೇ ಮುಂದೆ ಜೀನ್ಸಿಗೆ ತಿರುಗಿತು ಎಂದು ಹಿರಿಯರು ಹೇಳುತ್ತಾರೆ. ಒಂದು ಮನೆಯಲ್ಲಿ ಕಟಿಂಗ್, ಇನ್ನೊಂದರಲ್ಲಿ ಹೊಲಿಗೆ, ಮತ್ತೊಂದರಲ್ಲಿ ಕಾಜಾ-ಬಟನ್, ಆಮೇಲೆ ವಾಷಿಂಗ್. ನನ್ನ ಖಾಲಾ ಪೀಸ್ ಲೆಕ್ಕದಲ್ಲಿ ಜೇಬು ಹೊಲಿಯುತ್ತಾರೆ. ಕೊನೆಗೆ ವ್ಯಾಪಾರಿ ಕಳಿಸಿದ ಲೇಬಲ್ ಬೀಳುತ್ತದೆ. ಅದರಲ್ಲಿ ಬಳ್ಳಾರಿಯ ಹೆಸರಿಲ್ಲ. ಬಟ್ಟೆಗೆ ನೀಮ್, ಪ್ಯಾಂಟಿಗೆ ಜಿನೋವಾ, ಬಣ್ಣಕ್ಕೆ ಭಾರತ. ಹೊಲಿದ ಊರಿಗೆ ಮಾತ್ರ ಹೆಸರಿಲ್ಲ.

ಇದು ಹೊಸದೂ ಅಲ್ಲ. ಜೀನ್ಸಿನ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆಯುವ ಉಪಾಯ ಅಮೆರಿಕದ ದರ್ಜಿ ಜೇಕಬ್ ಡೇವಿಸ್‌ನದು. ಪೇಟೆಂಟ್ ಮಾಡಿಸಲು ಅವನ ಕೈಯಲ್ಲಿ ದುಡ್ಡಿರಲಿಲ್ಲ. ಬಟ್ಟೆ ಮಾರುತ್ತಿದ್ದ ಲೆವಿ ಸ್ಟ್ರಾಸ್‌ಗೆ ಪತ್ರ ಬರೆದ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ವ್ಯಾಪಾರಿಯ ಹೆಸರು ಇಂದು ಎಲ್ಲರಿಗೂ ಗೊತ್ತು. ದರ್ಜಿಯ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಬ್ರ್ಯಾಂಡ್ ಎಂದರೆ ನಂಬಿಕೆ, ಅದಕ್ಕೇ ಹೆಚ್ಚು ದುಡ್ಡು ಕೊಡುತ್ತೇವೆ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಗುಡ್‌ವಿಲ್ ಕಣ್ಣಿಗೆ ಕಾಣದ ಆಸ್ತಿ ಎಂದು ನಾವೇ ಓದುತ್ತೇವೆ. ಆದರೆ ಆ ಆಸ್ತಿ ಯಾರ ಖಾತೆಗೆ ಜಮೆಯಾಗುತ್ತಿದೆ ಎಂದು ಕೇಳಬೇಡವೇ? ಮೈಸೂರು ರೇಷ್ಮೆ, ಇಳಕಲ್ ಸೀರೆ ಎಂದು ಊರಿನ ಹೆಸರು ಹೇಳಿ ಕೊಳ್ಳುತ್ತೇವೆ. "ಬಳ್ಳಾರಿ ಜೀನ್ಸ್ ಕೊಡಿ" ಎಂದು ಜಯನಗರದ ಅಂಗಡಿಯಲ್ಲಿ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಹೆಸರು ಬಂದರೆ ಜವಾಬ್ದಾರಿಯೂ ಬರುತ್ತದೆ. ಕೂಲಿ ಎಷ್ಟು, ವಾಷಿಂಗ್‌ನ ನೀಲಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಆ ಊರು ಹೇಳಬೇಕಾಗುತ್ತದೆ. ಹೆಸರಿಲ್ಲದ ಕಡೆ ಪ್ರಶ್ನೆಯನ್ನೂ ಯಾರೂ ಕೇಳುವುದಿಲ್ಲ.

ತಪ್ಪು ಅಂಗಡಿಯವರದು ಮಾತ್ರ ಅಲ್ಲ. ನಮ್ಮ ಕಾಲೇಜಿನಲ್ಲಿ ದರ್ಜಿಗಳ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮಂದಿರ ಮಕ್ಕಳು ಕಡಿಮೆಯೇನಿಲ್ಲ. ಆದರೂ ಫಾರಂನಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ 'ಬಿಸಿನೆಸ್' ಎಂದು ಬರೆಯುತ್ತೇವೆ. ಲೇಬಲ್ ಬದಲಿಸುವ ಕೆಲಸ ಅಲ್ಲೇ ಶುರುವಾಗುತ್ತದೆ. ನಾನೂ ಅದನ್ನೇ ಮಾಡಿದ್ದೆ.

ವಾಣಿಜ್ಯ ವಿಭಾಗಕ್ಕೆ ನನ್ನದೊಂದು ವಿನಂತಿ. ಮುಂದಿನ ಬಾರಿ ನಾವು ಸ್ಟಾಲ್ ಹಾಕುವಾಗ ಒಂದು ಸ್ಟಾಲ್‌ನಲ್ಲಿ ಬಳ್ಳಾರಿಯ ಜೀನ್ಸ್ ಇಡೋಣ. ಲೇಬಲ್ ಮೇಲೆ ಊರಿನ ಹೆಸರು ಇರಲಿ, ಪಕ್ಕದಲ್ಲಿ ಬೆಲೆಯ ಲೆಕ್ಕವೂ ಇರಲಿ: ಬಟ್ಟೆಗೆ ಎಷ್ಟು, ಹೊಲಿಗೆಗೆ ಎಷ್ಟು, ಲಾಭ ಎಷ್ಟು. ಖಾಲಾಗೆ ಫೋನ್ ಮಾಡಿ ಇದನ್ನು ಹೇಳಿದೆ; ನನ್ನ ಸುಳ್ಳನ್ನೂ ಹೇಳಿದೆ. ಅವರು ಬೈಯಲಿಲ್ಲ, ನಕ್ಕರು. "ಸಿಲಾಯಿ ದೇಖೋ ಬಾಬಾ, ಲೇಬಲ್ ಕೈಕು ದೇಖ್ತೇ?" ಎಂದರು. ಹೊಲಿಗೆ ನೋಡು, ಲೇಬಲ್ ಯಾಕೆ ನೋಡ್ತೀಯ ಎಂದು.

ನಾನು ಪ್ಯಾಂಟನ್ನು ಮಗುಚಿ ಜೇಬಿನ ಹೊಲಿಗೆ ನೋಡಿದೆ. ಒಂದು ದಾರವೂ ಬಿಟ್ಟಿಲ್ಲ. ಇನ್ನು ಮುಂದೆ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಬಳ್ಳಾರಿ, ಕೌಲ್‌ಬಜಾರ್.