ಕರಗಿಸುವ ಮುಂಚೆ ಒಂದು ಮಾತು

ಬ್ರಿಟಿಷ್ ಮ್ಯೂಸಿಯಂನ 41ನೇ ಕೋಣೆಗೆ ನಾವೆಲ್ಲ ಹೋಗೋದು ಸಟನ್ ಹೂನಲ್ಲಿ 1939ರಲ್ಲಿ ಸಿಕ್ಕ ಶಿರಸ್ತ್ರಾಣ ನೋಡೋಕೆ. ಒಂದು ಫೋಟೊ ತೆಗೆದು ಹೊರಟುಬಿಡ್ತೀವಿ. ಮುಂದಿನ ಸಲ ಸಣ್ಣ ಒಡವೆಗಳ ಮುಂದೆಯೂ ಐದು ನಿಮಿಷ ನಿಲ್ಲಿ ಎಂಬುದು ನಮ್ಮ ವಿನಂತಿ.

ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆ ಸುಮಾರು ಕ್ರಿ.ಶ. 410ಕ್ಕೆ ಮುಗಿಯಿತು. ಆಮೇಲೆ ಬಂದು ನೆಲೆಸಿದ ಆಂಗ್ಲೋ-ಸ್ಯಾಕ್ಸನ್ನರಿಗೆ ರೋಮನ್ನರ ಹಳೆಯ ಕಂಚಿನ ನಾಣ್ಯ ನಡೆಯುವ ದುಡ್ಡಾಗಿರಲಿಲ್ಲ. ಆದರೂ ಅವರ ಹೆಣ್ಣುಮಕ್ಕಳ ಸಮಾಧಿಗಳಲ್ಲಿ, ತೂತು ಕೊರೆದು ಮಣಿಗಳ ಜೊತೆ ಪೋಣಿಸಿದ ರೋಮನ್ ನಾಣ್ಯಗಳು ಸಿಕ್ಕಿವೆ. ಒಡೆದ ರೋಮನ್ ಗಾಜು ಕರಗಿ ಮಣಿಯಾಯಿತು. ಹೊರದೇಶದ ಚಿನ್ನದ ನಾಣ್ಯಗಳು ಕರಗಿ ಪದಕಗಳಾದವು. 2009ರಲ್ಲಿ ಸಿಕ್ಕ ಸ್ಟಾಫರ್ಡ್‌ಶೈರ್ ನಿಧಿಯ ಕೆಲವು ಗಾರ್ನೆಟ್ ಹರಳುಗಳಂತೂ ನಮ್ಮ ಉಪಖಂಡದಿಂದಲೇ ಬಂದವು!

"ಪಾಪ, ಸಿಕ್ಕಿದ್ರಲ್ಲೇ ಹೇಗೋ ಸುಧಾರಿಸಿಕೊಂಡರು" ಅಂದುಬಿಡೋದು ಸುಲಭ. ನಾವು ಒಪ್ಪಲ್ಲ. ಲೋಹವಷ್ಟೇ ಬೇಕಿದ್ದರೆ ಎಲ್ಲ ನಾಣ್ಯವನ್ನೂ ಕರಗಿಸಬಹುದಿತ್ತು. ಕೆಲವನ್ನು ಇಡಿಯಾಗಿ ಉಳಿಸಿಕೊಂಡರು. ಅದು ಬಡತನವಲ್ಲ, ಆಯ್ಕೆ. ನಾರ್ಫೋಕ್‌ನ ವಿಲ್ಟನ್‌ನಲ್ಲಿ ಸಿಕ್ಕ 7ನೇ ಶತಮಾನದ ಶಿಲುಬೆ ಪದಕವನ್ನೇ ನೋಡಿ. ನಡುವೆ ಪೂರ್ವ ರೋಮಿನ ಚಕ್ರವರ್ತಿ ಹೆರಾಕ್ಲಿಯಸ್‌ನ ಚಿನ್ನದ ನಾಣ್ಯ, ಸುತ್ತ ಕೆಂಪು ಗಾರ್ನೆಟ್. ನಾಣ್ಯದ ಮೇಲಿನ ಶಿಲುಬೆ ನೋಡುವವರಿಗೆ ತಲೆಕೆಳಗು. ಆದರೆ ಹಾಕಿಕೊಂಡವರು ತಲೆಬಗ್ಗಿಸಿ ನೋಡಿದರೆ ನೆಟ್ಟಗೆ ಕಾಣುತ್ತೆ.

ಇದು ನಮಗೆ ಹೊಸದೇನಲ್ಲ. ಎರಡು ತೂತಿರುವ ರೋಮನ್ ಚಿನ್ನದ ನಾಣ್ಯಗಳು ದಕ್ಷಿಣ ಭಾರತದಲ್ಲೂ ಸಿಕ್ಕಿವೆ. ಅಜ್ಜಿಯ ಕಾಸಿನ ಸರ ಇನ್ನೇನು ಮತ್ತೆ?

ಈಗ ಸ್ವಲ್ಪ ಕಷ್ಟದ ಮಾತು. ನಮ್ಮಲ್ಲಿ ಎಷ್ಟೋ ಜನರ ಫೀಸಿಗಾಗಿ ಮನೆಯ ಚಿನ್ನ ಅಡ ಹೋಗಿದೆ. ಕೆಲವರ ಮನೆಯಲ್ಲಿ ಮಾರಿದ್ದೂ ಆಗಿದೆ. ಅಮ್ಮ ಫೋನಿನಲ್ಲಿ "ಹಳೇ ಡಿಸೈನು, ಯಾರು ಹಾಕ್ಕೋತಾರೆ ಬಿಡು" ಅಂದಿರುತ್ತಾರೆ, ನಾವೂ ನಂಬಿದ ಹಾಗೆ ಮಾಡಿರುತ್ತೇವೆ. ಚಿನ್ನ ಮಾರೋದು ತಪ್ಪು ಅಂತ ನಾವು ಹೇಳ್ತಿಲ್ಲ. ಆ ದುಡ್ಡಿನಿಂದಲೇ ಇಲ್ಲಿ ಕೂತಿದ್ದೇವೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ತೂತು ಬಿದ್ದ ನಾಣ್ಯ ಸಾವಿರದೈನೂರು ವರ್ಷ ಕಳೆದರೂ ತಾನೆಲ್ಲಿಂದ ಬಂದೆ ಅಂತ ಹೇಳುತ್ತದೆ. ಕರಗಿದ ಚಿನ್ನಕ್ಕೆ ತೂಕವಿದೆ, ನೆನಪಿಲ್ಲ.

ಹಾಗಾಗಿ ರಜೆಗೆ ಊರಿಗೆ ಹೋದಾಗ ಉಳಿದಿರುವ ಒಡವೆಗಳನ್ನು ಒಮ್ಮೆ ಹೊರಗೆ ತೆಗೆಸಿ. ಹಿಂದೆ ಮುಂದೆ ಫೋಟೊ ತೆಗೆಯಿರಿ. ಯಾರದು, ಯಾರ ಮದುವೆಗೆ ಮಾಡಿಸಿದ್ದು, ಯಾವ ಅಕ್ಕಸಾಲಿಗರು ಮಾಡಿದ್ದು ಅಂತ ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಹೋಗಿರೋ ಒಡವೆಯ ಬಗ್ಗೆಯೂ ಕೇಳಿ. ಅದನ್ನು ಕೇಳೋಕೆ ನಮಗೇ ಸಂಕೋಚ, ನಿಜ. ಆದರೂ ಕೇಳೋಣ. ನಮ್ಮ ಡಿಗ್ರಿಯೊಳಗೆ ಯಾರ ಸರ ಕರಗಿದೆ ಅನ್ನೋದಾದರೂ ನಮಗೆ ಗೊತ್ತಿರಲಿ.