ವೇಗಕ್ಕಿಂತ ಮೊದಲು ಹತೋಟಿ

ಯಾವುದಾದರೊಂದು ಕಾಲೇಜಿನ ಮುಂದೆ ಸಾಲಾಗಿ ನಿಲ್ಲಿಸಿರುವ ಮೋಟಾರ್ ಸೈಕಲ್ಲುಗಳನ್ನು ಒಮ್ಮೆ ಗಮನವಿಟ್ಟು ನೋಡಿರಿ. ಅವುಗಳಲ್ಲಿ ಕೆಲವು ಕಾರ್ಖಾನೆಯಿಂದ ಬಂದ ರೂಪದಲ್ಲಿ ಉಳಿದಿರುವುದಿಲ್ಲ. ಒಂದಕ್ಕೆ ಕಿವಿಗಡಚಿಕ್ಕುವ ಸೈಲೆನ್ಸರ್, ಇನ್ನೊಂದಕ್ಕೆ ಅತಿ ಅಗಲವಾದ ಹಿಂದಿನ ಟಯರು, ಮತ್ತೊಂದಕ್ಕೆ ಗಿಡ್ಡನೆಯ ಹ್ಯಾಂಡಲು. ಒಡೆಯನನ್ನು ವಿಚಾರಿಸಿದರೆ, ಗಾಡಿಯನ್ನು ಸುಧಾರಿಸಿದ್ದೇನೆಂದು ಹೆಮ್ಮೆಯಿಂದ ಹೇಳುತ್ತಾನೆ. ಯಾವ ಗುಣ ಸುಧಾರಿಸಿತು, ಎಷ್ಟು ಸುಧಾರಿಸಿತು, ಅಳೆದು ನೋಡಿದೆಯಾ ಎಂದು ಕೇಳಿದರೆ ಮಾತ್ರ ಅವನಲ್ಲಿ ಉತ್ತರವಿಲ್ಲ.

ಯಂತ್ರವನ್ನು ಬಿಚ್ಚಿ ತಿದ್ದಬೇಕೆಂಬ ತರುಣರ ಹಂಬಲವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅನೇಕ ಒಳ್ಳೆಯ ಇಂಜಿನಿಯರುಗಳು ಹುಟ್ಟುವುದು ಅಂಥ ಹಂಬಲದಿಂದಲೇ. ಆದರೆ ಅಳತೆಯಿಲ್ಲದೆ ಮಾಡಿದ ಮಾರ್ಪಾಡು ಬಹುಮಟ್ಟಿಗೆ ಅಲಂಕಾರವಾಗಿಯೇ ಉಳಿಯುತ್ತದೆ. ಕೆಲವು ವೇಳೆ ಅದು ಪ್ರಾಣಕ್ಕೂ ಎರವಾಗುತ್ತದೆ. ಕ್ರೀಡಾ ಮೋಟಾರ್ ಸೈಕಲ್ಲಿನ ನಿಜವಾದ ಗುಣ ತಿಳಿಯುವುದು ನೇರ ರಸ್ತೆಯಲ್ಲಲ್ಲ, ತಿರುವಿನಲ್ಲಿ. ಆದುದರಿಂದ ಇಂಜಿನಿನ ಬಲವನ್ನು ಹೆಚ್ಚಿಸುವ ಮುನ್ನ ಗಾಡಿಯ ಹತೋಟಿಯನ್ನು ಸರಿಪಡಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಇತಿಹಾಸದಲ್ಲಿ ಸೊಗಸಾದ ಸಾಕ್ಷಿಯೊಂದಿದೆ. 1950ರಲ್ಲಿ ಇಂಗ್ಲೆಂಡಿನ ನಾರ್ಟನ್ ಕಂಪನಿಯ ಬಳಿ ಇದ್ದುದು ಹಳೆಯ ಮಾದರಿಯ ಒಂಟಿ ಸಿಲಿಂಡರಿನ ಇಂಜಿನು. ಎದುರಾಳಿಯಾದ ಇಟಲಿಯ ಗಿಲೆರಾ ಗಾಡಿಗೆ ನಾಲ್ಕು ಸಿಲಿಂಡರುಗಳ ಹೆಚ್ಚಿನ ಬಲವಿತ್ತು. ಆಗ ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್ಲೆಸ್ ಎಂಬಾತನು ನಾರ್ಟನ್‌ಗೆ ಹೊಸ ಚೌಕಟ್ಟೊಂದನ್ನು ರಚಿಸಿಕೊಟ್ಟನು. ಅದರಲ್ಲಿ ಎರಡು ಉಕ್ಕಿನ ಕೊಳವೆಗಳು ಇಂಜಿನನ್ನು ಸುತ್ತುವರಿದು ಗಾಡಿಗೆ ಬಿಗಿತನ್ನು ಕೊಟ್ಟವು; ಹಿಂದಿನ ಚಕ್ರವನ್ನು ಹಿಡಿದ ತೋಳು ಸ್ಪ್ರಿಂಗುಗಳ ಆಧಾರದಿಂದ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ಓಡಿಸಿದ ಹೆರಾಲ್ಡ್ ಡೇನಿಯಲ್‌ಗೆ ಹಂಸತೂಲಿಕಾತಲ್ಪದ ಮೇಲೆ ಕುಳಿತಂತೆನಿಸಿತಂತೆ. ಆ ಚೌಕಟ್ಟಿಗೆ ‘ಫೆದರ್‌ಬೆಡ್’ ಎಂಬ ಹೆಸರು ಬಂದುದೇ ಹೀಗೆ. ಅದೇ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳೂ ನಾರ್ಟನ್ ಪಾಲಾದವು. ಗೆದ್ದವನು ಜೆಫ್ ಡ್ಯೂಕ್.

ಆದರೆ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷದ 500 ಸಿ.ಸಿ. ವಿಶ್ವ ಪಂದ್ಯಾವಳಿಯಲ್ಲಿ ಡ್ಯೂಕ್ ಗಿಲೆರಾ ಸವಾರ ಮಸೆಟ್ಟಿಗೆ ಒಂದೇ ಒಂದು ಅಂಕದಿಂದ ಸೋತನು. ಬೆಲ್ಜಿಯಂ ಮತ್ತು ಹಾಲೆಂಡುಗಳ ಪಂದ್ಯಗಳಲ್ಲಿ ಅವನ ಟಯರುಗಳು ಕೈಕೊಟ್ಟಿದ್ದವು. 1951ರಲ್ಲಿ 350 ಮತ್ತು 500 ಸಿ.ಸಿ. ಎರಡು ವರ್ಗಗಳಲ್ಲಿಯೂ ಅವನೇ ವಿಶ್ವವಿಜೇತನಾದನು. ಕಡಿಮೆ ಬಲದ ಗಾಡಿಯೂ ಒಳ್ಳೆಯ ಹತೋಟಿಯಿಂದ ಗೆಲ್ಲಬಲ್ಲದು. ಎಂಥ ಚೌಕಟ್ಟಾದರೂ ಟಯರು ಸೋತರೆ ಸೋಲುತ್ತದೆ. ಈ ಎರಡೂ ಪಾಠಗಳು ನಮಗೆ ಬೇಕಾದವು.

ಟಯರಿನಿಂದಲೇ ಆರಂಭಿಸೋಣ. ಗಾಡಿಗೂ ರಸ್ತೆಗೂ ಇರುವ ಸಂಬಂಧವೆಲ್ಲ ಅಂಗೈಯಗಲದ ಎರಡು ರಬ್ಬರಿನ ತುಂಡುಗಳ ಮೇಲೆ ನಿಂತಿದೆ. ಅದೇ ಚಕ್ರಕ್ಕೆ ಅತಿ ಅಗಲವಾದ ಟಯರನ್ನು ತೊಡಿಸಿದರೆ ಅದರ ದುಂಡು ಆಕಾರ ಕೆಡುತ್ತದೆ. ಅಷ್ಟೇ ಅಲ್ಲ, ವಾಲಿದಾಗ ನೆಲವನ್ನು ಮುಟ್ಟುವ ಬಿಂದು ನಡುಗೆರೆಯಿಂದ ದೂರ ಸರಿಯುವುದರಿಂದ, ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಗಾಡಿಯನ್ನು ಇನ್ನಷ್ಟು ವಾಲಿಸಬೇಕಾಗುತ್ತದೆ. ಸಾವಿರಾರು ರೂಪಾಯಿಯ ಅಗಲ ಟಯರಿಗಿಂತ, ಸವೆಯದ ಸರಿಯಾದ ಅಳತೆಯ ಟಯರು ಮತ್ತು ತಣ್ಣಗಿರುವಾಗ ಪರೀಕ್ಷಿಸಿದ ಗಾಳಿಯ ಒತ್ತಡ ಹೆಚ್ಚು ಉಪಕಾರಿ.

ಎರಡನೆಯದು ಸ್ಪ್ರಿಂಗು. ಸವಾರ ಕುಳಿತಾಗ ಸ್ಪ್ರಿಂಗು ಎಷ್ಟು ಕುಸಿಯಬೇಕೆಂಬುದಕ್ಕೆ ಒಂದು ಲೆಕ್ಕವಿದೆ: ಚಕ್ರವು ಮೇಲೆ ಕೆಳಗೆ ಆಡಬಲ್ಲ ಒಟ್ಟು ದೂರದ ಸುಮಾರು ಮೂರನೆಯ ಒಂದು ಭಾಗ. ಇದನ್ನು ಅಳೆಯಲು ಒಂದು ಟೇಪು ಮತ್ತು ಇಬ್ಬರು ಗೆಳೆಯರು ಸಾಕು. ಗಾಡಿಯನ್ನು ಎತ್ತಿ ಹಿಂದಿನ ಚಕ್ರ ನೆಲ ಬಿಟ್ಟಿರುವಾಗ, ಅದರ ಅಚ್ಚಿನಿಂದ ನೇರ ಮೇಲಿನ ಒಂದು ಗುರುತಿಗೆ 550 ಮಿಲಿಮೀಟರ್ ಇದೆಯೆನ್ನೋಣ. ಸವಾರ ಕುಳಿತಾಗ ಅದು 495 ಆದರೆ ಕುಸಿತ 55. ಚಕ್ರದ ಒಟ್ಟು ಆಟ 120 ಮಿಲಿಮೀಟರ್ ಆಗಿದ್ದರೆ ಈ ಕುಸಿತ ಬಹಳವಾಯಿತು, 40ರ ಸಮೀಪದಲ್ಲಿರಬೇಕು. ಹಿಂಭಾಗ ಹೀಗೆ ಕುಗ್ಗಿದ ಗಾಡಿಯಲ್ಲಿ ಮುಂದಿನ ಫೋರ್ಕ್ ಹೆಚ್ಚು ಓರೆಯಾಗುತ್ತದೆ. ಮುಂದಿನ ಚಕ್ರದ ಮೇಲಿನ ಭಾರ ತಗ್ಗುತ್ತದೆ. ಗಾಡಿ ತಿರುವಿಗೆ ಒಲ್ಲೆನೆನ್ನುತ್ತದೆ. ಅನೇಕ ಗಾಡಿಗಳಲ್ಲಿ ಇದನ್ನು ಸರಿಪಡಿಸುವ ಸ್ಪ್ಯಾನರು ಸೀಟಿನ ಕೆಳಗೇ ಇರುತ್ತದೆ, ಅದನ್ನು ಒಮ್ಮೆಯೂ ಹೊರತೆಗೆಯದವರೇ ಹೆಚ್ಚು!

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಆ ಬಳೆಯನ್ನು ಬಿಗಿ ಮಾಡಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂದು ಬಹುಮಂದಿ ನಂಬಿದ್ದಾರೆ. ಪ್ರೌಢಶಾಲೆಯಲ್ಲಿ ಕಲಿತ ಹುಕ್‌ನ ನಿಯಮವನ್ನು ನೆನೆಯಿರಿ: ಸಾಮಾನ್ಯ ಸ್ಪ್ರಿಂಗಿನಲ್ಲಿ ಪ್ರತಿ ಹೆಚ್ಚಿನ ಕಿಲೋಗ್ರಾಮಿಗೂ ಕುಸಿತ ಒಂದೇ ಪ್ರಮಾಣದಲ್ಲಿರುತ್ತದೆ. ಬಳೆ ಬದಲಿಸುವುದು ಗಾಡಿ ನಿಲ್ಲುವ ಎತ್ತರವನ್ನು, ಸ್ಪ್ರಿಂಗಿನ ಗಡಸನ್ನಲ್ಲ. ತೀರ ದಪ್ಪ ಅಥವಾ ತೀರ ಹಗುರ ದೇಹದವನಿಗೆ ಬೇರೆ ಸ್ಪ್ರಿಂಗೇ ಬೇಕಾಗಬಹುದು. ಹಣ ಖರ್ಚು ಮಾಡುವುದೇ ಆದರೆ ಅದಕ್ಕೆ ಮಾಡುವುದು ನ್ಯಾಯ.

ಮೂರನೆಯದು ಅವಮಂದನ. ಸ್ಪ್ರಿಂಗು ಉಬ್ಬಿನ ಧಕ್ಕೆಯನ್ನು ನುಂಗಿ ಹಾಗೆಯೇ ಹಿಂದಿರುಗಿಸುತ್ತದೆ. ಆ ಶಕ್ತಿಯನ್ನು ಉಷ್ಣವಾಗಿ ಕಳೆಯುವುದು ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ. ಅವಮಂದನ ಕಡಿಮೆಯಾದರೆ ಗಾಡಿ ಒಂದು ಉಬ್ಬಿಗೆ ಹಲವು ಬಾರಿ ತೂಗಾಡುತ್ತದೆ. ಹೆಚ್ಚಾದರೆ ಚಕ್ರ ಕೆಳಗಿಳಿಯುವುದರೊಳಗೆ ಮತ್ತೊಂದು ಉಬ್ಬು ಬಂದು, ಸ್ಪ್ರಿಂಗು ಮೆಟ್ಟಿಲು ಮೆಟ್ಟಿಲಾಗಿ ಕುಗ್ಗುತ್ತ ಹೋಗುತ್ತದೆ. ಸರಿಯಾದ ಸ್ಥಾನ ಇವೆರಡರ ನಡುವೆ ಇದೆ. ಅದನ್ನು ಪ್ರಯೋಗದಿಂದಲೇ ಕಂಡುಕೊಳ್ಳಬೇಕು.

ಪ್ರಯೋಗವೆಂದರೆ ಪ್ರಯೋಗಶಾಲೆಯ ಶಿಸ್ತೇ ಇರಬೇಕು. ಮೊದಲು ಚೈನಿನ ಸಡಿಲ, ಹ್ಯಾಂಡಲಿನ ಬುಡದ ಬೇರಿಂಗು, ಹಿಂದಿನ ತೋಳಿನ ಕೀಲು ಇವುಗಳನ್ನು ಪರೀಕ್ಷಿಸಿರಿ. ಸಡಿಲವಾದ ಬೇರಿಂಗಿನಿಂದ ಹ್ಯಾಂಡಲು ನಡುಗಿದರೆ, ಅದಕ್ಕೆ ಬೇರೊಂದು ಸಾಧನವನ್ನು ಜೋಡಿಸುವುದು ರೋಗವನ್ನು ಮುಚ್ಚಿಟ್ಟಂತೆ. ಅನಂತರ ಈಗಿರುವ ಸ್ಥಿತಿಯನ್ನು ಪುಸ್ತಕದಲ್ಲಿ ಬರೆದಿಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ ಅದೇ ಮಿತವಾದ ವೇಗದಲ್ಲಿ ಓಡಿಸಿ, ಕಂಡುದನ್ನು ಬರೆಯಿರಿ. ಗುಣ ಕಾಣದಿದ್ದರೆ ಮೊದಲಿನ ಸ್ಥಿತಿಗೆ ತನ್ನಿರಿ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂಬುದು ಎಂದಿಗೂ ತಿಳಿಯದು.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಯಾವ ವೇಗದಲ್ಲಾದರೂ ತಿರುಗಬಹುದೇ? ಖಂಡಿತ ಇಲ್ಲ. ಟಯರಿನ ಅಗಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಸುಮಾರು 30 ಡಿಗ್ರಿ ವಾಲಬೇಕು. 90 ಕಿಲೋಮೀಟರಿಗೆ ಸುಮಾರು 52 ಡಿಗ್ರಿ. ವೇಗ ಒಂದೂವರೆ ಪಟ್ಟಾದರೆ ಬೇಕಾದ ಹಿಡಿತ ಎರಡೂಕಾಲು ಪಟ್ಟಾಗುತ್ತದೆ. ಊರ ರಸ್ತೆಯ ಮೇಲೆ, ಮರಳು ಮಣ್ಣುಗಳ ನಡುವೆ, ಅಷ್ಟು ಹಿಡಿತವನ್ನು ಸಾಮಾನ್ಯ ಟಯರು ಕೊಡಲಾರದು. ಒಳ್ಳೆಯ ಹೊಂದಾಣಿಕೆ ಇರುವ ಹಿಡಿತವನ್ನು ವ್ಯರ್ಥವಾಗದಂತೆ ಕಾಯುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸದು. ಆ ಎಲ್ಲೆಯನ್ನು ಹುಡುಕಬೇಕೆನ್ನುವವರಿಗೆ ಚೆನ್ನೈ, ಕೊಯಮತ್ತೂರುಗಳ ಸಮೀಪದಲ್ಲಿ ಪಂದ್ಯದ ಪಥಗಳಿವೆ. ರಸ್ತೆಯಲ್ಲಿ ಎದುರಿನಿಂದ ಬರುವವನು ಈ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ತಯಾರಕರೇ ಇಟ್ಟಿರುವ ಬಳೆ, ತಿರುಪುಗಳನ್ನು ಅವರು ಹೇಳಿದ ಮಿತಿಯೊಳಗೆ ಹೊಂದಿಸಿಕೊಳ್ಳುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ತರುಣ ವಾಚಕರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಸಲ ತಂದೆ ತಾಯಿಗಳನ್ನು ಸೈಲೆನ್ಸರಿಗಾಗಿ ಹಣ ಕೇಳುವ ಮುನ್ನ, ಒಂದು ಟೇಪು, ಒಂದು ಗಾಳಿಯ ಒತ್ತಡದ ಮಾಪಕ, ಒಂದು ನೋಟ್ ಪುಸ್ತಕ ಇವನ್ನು ಹಿಡಿದು ಒಂದು ಭಾನುವಾರದ ಬೆಳಗನ್ನು ನಿಮ್ಮ ಗಾಡಿಯೊಡನೆ ಕಳೆಯಿರಿ. ಅದು ತಿರುವಿನಲ್ಲಿ ನಿಮ್ಮ ಮಾತು ಕೇಳುವುದಕ್ಕೆ ಆಗ ಆರಂಭಿಸುತ್ತದೆ.