ಅಕ್ರಮ ಯಾರದು, ಸಕ್ರಮ ಯಾರಿಗೆ?

ಹೆತ್ತೂರು ಹೋಬಳಿಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈಗ ತುಳು, ತಮಿಳುಗಳ ಜೊತೆಗೆ ಅಸ್ಸಾಂ ಕಡೆಯ ಮಾತೂ ಕೇಳಿಬರುತ್ತದೆ. ಅದರ ಬೆನ್ನಿಗೇ ಒಂದು ಪಿಸುಮಾತೂ ಹುಟ್ಟಿದೆ: ‘ಇವರು ಅಸ್ಸಾಮಿನವರಲ್ಲ, ಬಾಂಗ್ಲಾದೇಶದವರು.’ ಸಕಲೇಶಪುರ, ಆಲೂರು ತಾಲ್ಲೂಕುಗಳ ನಮ್ಮ ಕ್ರೈಸ್ತ ಕುಟುಂಬಗಳಲ್ಲಿಯೂ ಈ ಮಾತು ಹರಿದಾಡುತ್ತಿರುವುದರಿಂದ, ಅದನ್ನು ಕುರಿತು ಸ್ವಲ್ಪ ವಿಚಾರ ಮಾಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ದೇಶದ ಗಡಿಯನ್ನು ಕಾಯುವುದು ಸರ್ಕಾರದ ಕರ್ತವ್ಯ. ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಬಂಗಾಳಿ ಆಡುವವರೆಲ್ಲರೂ ಪರದೇಶಿಗಳೆಂಬುದು ಯಾವ ನ್ಯಾಯ? ಅಸ್ಸಾಮಿನಲ್ಲಿಯೇ ಈ ಪ್ರಶ್ನೆ ಬಗೆಹರಿದಿಲ್ಲ. 1985ರ ಒಪ್ಪಂದವು 1971ರ ಮಾರ್ಚ್ 25ರಂದು ಮತ್ತು ಅದರ ನಂತರ ಬಂದವರನ್ನು ಹೊರಗಟ್ಟಬೇಕೆಂದಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರಲ್ಲಿ ಮುಸಲ್ಮಾನರಷ್ಟೇ ಅಲ್ಲ, ಹಿಂದೂಗಳೂ ಇದ್ದುದು ತಿಳಿದೊಡನೆ, ಪಟ್ಟಿ ಬೇಕೆಂದವರೇ ಅದು ಸರಿಯಿಲ್ಲವೆಂದರು! ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಪೌರತ್ವ ತಿದ್ದುಪಡಿ ಕಾಯಿದೆ, ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ ದಾರಿ ತೆರೆಯಿತು. ಇದೂ ಒಂದು ಕ್ಷಮಾದಾನವೇ. ಆ ಆರರಲ್ಲಿ ಕ್ರೈಸ್ತರೂ ಸೇರಿದ್ದಾರೆಂದು ನಾವು ಸುಮ್ಮನಿರುವುದು ತರವಲ್ಲ. ದಯೆಯನ್ನು ಧರ್ಮದ ತಕ್ಕಡಿಯಲ್ಲಿ ತೂಗುವುದು ನಮಗೆ ಒಪ್ಪಿಗೆಯಿಲ್ಲ.

ಕ್ಷಮಾದಾನವೆಂಬುದು ಮಲೆನಾಡಿಗರಿಗೆ ಹೊಸದೇನೂ ಅಲ್ಲ. ನಾವು ಅದನ್ನು ‘ಅಕ್ರಮ-ಸಕ್ರಮ’ ಎಂದು ಕರೆಯುತ್ತೇವೆ. ಸರ್ಕಾರಿ ಜಮೀನು ಸಾಗುವಳಿ ಮಾಡಿದವರಿಗಾಗಿ ನಮೂನೆ 50 ಬಂತು, 53 ಬಂತು, 2018ರಲ್ಲಿ 57 ಬಂತು. 1990ರ ಏಪ್ರಿಲ್ 14 ಎಂದಿದ್ದ ಗಡುವು 2005ರ ಜನವರಿ 1ರವರೆಗೂ ಸರಿಯಿತು. ಬಡ ರೈತನಿಗೆ ಇದರಿಂದ ಉಪಕಾರವಾಗಿದೆ, ನಿಜ. ಆದರೆ ಚುನಾವಣೆಯ ಗಾಳಿಗೆ ದಿನಾಂಕಗಳು ಹೇಗೆ ಅಲುಗಾಡುತ್ತವೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೊಲ್ಲಿ ರಾಷ್ಟ್ರಗಳದ್ದೂ ಹೀಗೆಯೇ. ವೀಸಾ ಅವಧಿ ಮೀರಿ ಉಳಿದವರಿಗೆ ಕುವೈತ್ 2018ರಲ್ಲಿ ಮತ್ತು 2024ರಲ್ಲಿ, ಸಂಯುಕ್ತ ಅರಬ್ ಸಂಸ್ಥಾನವೂ ಅದೇ ಎರಡು ವರ್ಷಗಳಲ್ಲಿ ದಂಡ ಮನ್ನಾ ಮಾಡಿದವು. ಆ ಸಾಲಿನಲ್ಲಿ ನಿಂತ ನಮ್ಮವರನ್ನು ನಾವು ‘ನುಸುಳುಕೋರರು’ ಎಂದು ಕರೆದೆವೇ? ಪಾಪ, ಏಜೆಂಟನಿಂದ ಮೋಸಹೋದರೆಂದು ಮರುಗಿದೆವು.

ಕೇವಲ ಕ್ಷಮಿಸಿದರೂ ಸಾಲದು. 1986ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಅಂಕಿತ ಹಾಕಿದ ಕಾಯಿದೆಯಿಂದ ಸುಮಾರು 27 ಲಕ್ಷ ಜನರ ವಾಸ ಸಕ್ರಮವಾಯಿತು. ಕಾಗದವಿಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ ದಂಡವೆಂದು ಅದರಲ್ಲೇ ಬರೆದಿದ್ದರೂ ಅದು ಬಿಗಿಯಾಗಿ ಜಾರಿಯಾಗಲಿಲ್ಲ. ಮತ್ತೆ ಜನ ಬಂದರು, ಮತ್ತೆ ಅಗ್ಗದ ಕೂಲಿಗೆ ಸಿಕ್ಕರು.

ರಾಜಕೀಯದ ಗುಟ್ಟು ಇಲ್ಲಿದೆ. ಕಾಗದವಿಲ್ಲದ ಆಳು ಕೂಲಿ ಕಡಿಮೆಯಾಯಿತೆಂದು ದೂರು ಕೊಡಲಾರ. ಅವನ ಭಯದಿಂದ ಒಬ್ಬನಿಗೆ ಲಾಭ, ಅವನ ಬಗೆಗಿನ ಭಯದಿಂದ ಇನ್ನೊಬ್ಬನಿಗೆ ಮತ. ಹೊರರಾಜ್ಯದ ಕಾರ್ಮಿಕನಿಗೆ ಭಾವಚಿತ್ರ ಅಂಟಿಸಿದ ಪಾಸ್ ಪುಸ್ತಕ ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯೇ ಗುತ್ತಿಗೆದಾರನಿಗೆ ವಿಧಿಸಿತ್ತು. ಅದನ್ನು ಕೊಟ್ಟ ಮೇಸ್ತ್ರಿಗಳೆಷ್ಟು ಮಂದಿ? ಕೇಳಿದ ಸಾಹುಕಾರರೆಷ್ಟು ಮಂದಿ? 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರೆಂಬ ಗುಮಾನಿಯಿಂದ ಗುಡಿಸಲುಗಳನ್ನು ಕೆಡವಿದಾಗ, ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು.

ಜಗದ್ಗುರು ಎರಡನೆಯ ಜಾನ್ ಪಾಲರು 1995ರಲ್ಲಿ ದಾಖಲೆಯಿಲ್ಲದ ವಲಸೆಗಾರರನ್ನು ಕುರಿತೇ ಒಂದು ಸಂದೇಶ ನೀಡಿದರು. ಅಕ್ರಮ ವಲಸೆಯನ್ನು ತಡೆಯಬೇಕೆಂದೂ, ಆದರೆ ವಲಸೆಗಾರನ ಮಾನವ ಘನತೆಗೆ ಕುಂದು ಬರಬಾರದೆಂದೂ ಅದರಲ್ಲಿ ಹೇಳಿದ್ದಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ತೋಟದ ಮಾಲೀಕರೂ ಇದ್ದಾರೆ, ರೈಟರುಗಳೂ ಇದ್ದಾರೆ. ಈ ಸಲದ ಕೊಯ್ಲು ಆರಂಭವಾಗುವ ಮೊದಲೇ ಬಂದವರ ಹೆಸರು, ಊರು, ಗುರುತಿನ ಚೀಟಿಗಳನ್ನು ಪುಸ್ತಕದಲ್ಲಿ ಬರೆದಿಡಲಿ, ಕೂಲಿಯನ್ನು ಮೇಸ್ತ್ರಿಯ ಕೈಗೆ ಕೊಡದೆ ಆಳಿನ ಕೈಗೇ ಕೊಡಲಿ. ಸಂಶಯವಿದ್ದಲ್ಲಿ ವಿಚಾರಿಸಲು ಪೊಲೀಸ್ ಠಾಣೆಯಿದೆ. ಸಂತೆಯಲ್ಲಿ ಗುಂಪು ಕಟ್ಟಿ ಕಾಗದ ಕೇಳುವ ಅಧಿಕಾರ ಯಾರಿಗೂ ಇಲ್ಲ.